ಶಿವಮೊಗ್ಗದಿಂದ ಒಂದು ದಿನಕ್ಕೆ ಮಂಗಳೂರಿನ ಚರ್ಚುಗಳು: ಕಲ್ಯಾಣಪುರವನ್ನೂ ಸೇರಿಸಬಹುದೇ?

ತುಂಗಾತೀರ
ಕರಾವಳಿಯವರಲ್ಲಿ ಒಂದು ವಿಚಾರಣೆ. ಶಿವಮೊಗ್ಗದಿಂದ ನಾವು ನಾಲ್ವರು ಹೊರಟಿದ್ದೇವೆ: ನಾನು, ಯಜಮಾನರು, ಅತ್ತೆ ಮತ್ತು ಹತ್ತನೇ ತರಗತಿಯ ಮಗಳು. ಮಗಳಿಗೆ ಚಿತ್ರ ಬಿಡಿಸುವ ಹುಚ್ಚು. ಮಂಗಳೂರಿನ ಚಾಪೆಲ್ಲಿನ ಗೋಡೆಚಿತ್ರಗಳನ್ನು ಮೊಬೈಲಿನಲ್ಲಿ ನೋಡಿದಾಗಿನಿಂದ ಒಂದೇ ಹಟ. ಹೇಗೂ ಅಷ್ಟು ದೂರ ಬರುತ್ತೇವಲ್ಲ ಎಂದು ನಾನು ಒಂದು ಪಟ್ಟಿ ಮಾಡಿದ್ದೇನೆ: ಸಂತ ಅಲೋಶಿಯಸ್ ಚಾಪೆಲ್, ರೊಸಾರಿಯೊ ಕೆಥೆಡ್ರಲ್, ಮಿಲಾಗ್ರಿಸ್, ಕಾರ್ಕಳದ ಅತ್ತೂರು, ಕಲ್ಯಾಣಪುರ. ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ ಮಂಗಳೂರಿನಲ್ಲಿ ಇಳಿಯುವುದು, ಅದೇ ರಾತ್ರಿ ಮಂಗಳೂರಿನಿಂದ ವಾಪಸು. ಅತ್ತೆಗೆ ಮಂಡಿನೋವು, ಮೆಟ್ಟಿಲು ಹೆಚ್ಚು ಹತ್ತಲಾರರು. ಒಂದು ದಿನದಲ್ಲಿ ಆಗುತ್ತದೆಯೇ? ಯಜಮಾನರು ಈಗಲೇ, ‘ಎರಡು ನೋಡಿದ ಮೇಲೆ ಮೂರನೆಯದು ನೆನಪಿರುವುದಿಲ್ಲ’ ಎಂದು ರಾಗ ಎಳೆಯುತ್ತಿದ್ದಾರೆ.

ನೀರುದೋಸೆ
ಯಜಮಾನರ ಮಾತಿನಲ್ಲಿ ಸತ್ಯವಿದೆ.

ಬೋಳಾರದವ
ಐದೂ ಆಗುವುದಿಲ್ಲ, ಆಗಲೂ ಬಾರದು. ಅಕ್ಕ, ಬಂದವರೆಲ್ಲ ಮಾಡುವುದು ಒಂದೇ ಕೆಲಸ. ಬಾವುಟಗುಡ್ಡೆ ಹತ್ತುತ್ತಾರೆ, ಚಾಪೆಲ್ ನೋಡುತ್ತಾರೆ, ‘ಮಂಗಳೂರಿನ ಕೆಥೆಡ್ರಲ್ ನೋಡಿದೆವು’ ಎಂದು ಊರಿಗೆ ಹೋಗಿ ಹೇಳುತ್ತಾರೆ. ಚಾಪೆಲ್ ಕಾಲೇಜಿನದು. ಬಿಷಪರ ಪೀಠ ಇರುವುದು ನಮ್ಮ ಬೋಳಾರದ ರೊಸಾರಿಯೊದಲ್ಲಿ. 1568ರಲ್ಲಿ, ಪೋರ್ಚುಗೀಸರು ಇಲ್ಲಿ ನೆಲೆ ಊರುತ್ತಿದ್ದಾಗಲೇ ಶುರುವಾದ ಇಗರ್ಜಿ, ಅಂದರೆ ಚರ್ಚು. ಅಲ್ಲಿರುವ ಮಾತೆಯ ಮೂರ್ತಿ ಮೀನುಗಾರರ ಬಲೆಗೆ ಸಿಕ್ಕಿದ್ದು ಎಂದು ಹಿರಿಯರು ಹೇಳುತ್ತಾರೆ. ಈಗ ನೀವು ನೋಡುವ ಕಟ್ಟಡ ಅಷ್ಟು ಹಳೆಯದಲ್ಲ, 20ನೆಯ ಶತಮಾನದ ಆರಂಭದ್ದು. ಆದರೆ ಆ ಗುಮ್ಮಟ! ರಾತ್ರಿ ಅದರ ಮೇಲಿನ ಶಿಲುಬೆಯ ದೀಪ ನೋಡಿ ದೋಣಿಯವರು ದಡ ಗುರುತಿಸುತ್ತಿದ್ದರಂತೆ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ನಡೆದೇ ಬರಬಹುದಾದಷ್ಟು ಹತ್ತಿರ. ಅತ್ತೆಯವರಿಗೆ ಆಟೋ ಮಾಡಿ.

ಕಲ್ಯಾಣಪುರ, ಕಾರ್ಕಳ ಎಲ್ಲ ಬಿಟ್ಟುಬಿಡಿ. ಮಂಗಳೂರನ್ನು ಸರಿಯಾಗಿ ನೋಡಿ.

ಸಂತೆಕಟ್ಟೆ ಸವಾರ
ಬಿಟ್ಟುಬಿಡಿ ಎಂದರೆ ಹೇಗೆ ಮಾರಾಯರೇ? ಕೆಥೆಡ್ರಲ್ ನಿಮಗೊಬ್ಬರಿಗೇ ಇರುವುದೇ? 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ (ಒಬ್ಬ ಬಿಷಪರ ಆಡಳಿತದ ಪ್ರದೇಶ) ಬೇರೆಯಾಯಿತು, ಆಗಿನಿಂದ ಕಲ್ಯಾಣಪುರದ ಮಿಲಾಗ್ರಿಸ್ ಕೂಡ ಕೆಥೆಡ್ರಲ್. ಅದು 1678ರ ಇಗರ್ಜಿ. ನಿಮ್ಮ ಹಂಪನಕಟ್ಟೆಯ ಮಿಲಾಗ್ರಿಸ್‌ಗಿಂತ ಎರಡು ವರ್ಷ ಹಿರಿದು.

ಬೋಳಾರದವ
ಹಂಪನಕಟ್ಟೆಯದು ನಮ್ಮದಲ್ಲ. ನಾವು ಬೋಳಾರ. ನಮ್ಮದು 1568. ಲೆಕ್ಕ ಹಾಕಿಕೊಳ್ಳಿ.

ಬೆಂದೂರು ಬಾಯಿ
ಇಬ್ಬರ ಜಗಳದಲ್ಲಿ ಪ್ರಶ್ನೆ ಕೇಳಿದವರು ಓಡಿಹೋಗುತ್ತಾರೆ. ತುಂಗಾತೀರ ಅವರೇ, ಒಂದು ಎಚ್ಚರಿಕೆ: ಮಿಲಾಗ್ರಿಸ್ ಎರಡಿವೆ. ಒಂದು ಮಂಗಳೂರಿನ ಹಂಪನಕಟ್ಟೆಯಲ್ಲಿ, ಸೆಂಟ್ರಲ್ ರೈಲು ನಿಲ್ದಾಣದ ಹತ್ತಿರ. 1680ರಲ್ಲಿ ಬಿಷಪ್ ತೋಮಸ್ ದೆ ಕಾಸ್ತ್ರೊ ಕಟ್ಟಿಸಿದ್ದು. ಇನ್ನೊಂದು ಉಡುಪಿ ದಾಟಿದ ಮೇಲೆ ಕಲ್ಯಾಣಪುರದಲ್ಲಿ. ಮದುವೆಯ ಕಾಗದದಲ್ಲಿ ‘ಮಿಲಾಗ್ರಿಸ್’ ಎಂದಷ್ಟೇ ಓದಿಕೊಂಡು ನನ್ನ ದೊಡ್ಡಪ್ಪನ ಮಗ ಸಂಸಾರ ಸಮೇತ ಕಲ್ಯಾಣಪುರಕ್ಕೆ ಹೋಗಿ ಇಳಿದಿದ್ದ. ಮದುವೆ ಹಂಪನಕಟ್ಟೆಯಲ್ಲಿ. ಅವನು ತಲುಪುವಾಗ ರೋಸ್ (ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ) ಮುಗಿದು, ಮದುವೆ ಮುಗಿದು, ಊಟದ ತಟ್ಟೆ ತೊಳೆಯುತ್ತಿದ್ದರು.

ನೀರುದೋಸೆ
ರೋಸ್ ಹಿಂದಿನ ದಿನ ಆಗುವುದಲ್ಲವೇ ಬಾಯಿ?

ಬೆಂದೂರು ಬಾಯಿ
ಹಿಂದಿನ ದಿನವೇ. ಅದಕ್ಕೂ ಅವನು ಬಂದಿರಲಿಲ್ಲ.

ಹಳೆಹಂಚು
ಚರ್ಚೆಗೆ ಸ್ವಲ್ಪ ಎಣ್ಣೆ. ಮಂಗಳೂರಿನಲ್ಲೇ ಎರಡನೆಯ ಕೆಥೆಡ್ರಲ್ ಇದೆ: ಬಲ್ಮಠದ ಶಾಂತಿ ಕೆಥೆಡ್ರಲ್. ಕಥೋಲಿಕರದ್ದಲ್ಲ, ಪ್ರೊಟೆಸ್ಟೆಂಟ್ ಸಭೆಯಾದ ಸಿಎಸ್‌ಐಯವರದು, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಪರಂಪರೆಯದು. ಬಾವುಟಗುಡ್ಡೆಯಿಂದ ಕೂಗಳತೆಯ ದೂರ. ಇಷ್ಟು ಸರಳವಾದ ಕಟ್ಟಡವನ್ನು ನೋಡಲು ಯಾರೂ ಬಸ್ಸು ಹತ್ತಿ ಬರುವುದಿಲ್ಲ, ನಿಜ. ಆದರೆ ಕನ್ನಡ ಓದುವವರು ಬರಬೇಕು. 1834ರಲ್ಲಿ ಇಲ್ಲಿಗೆ ಬಂದ ಈ ಮಿಶನರಿಗಳ ಗುಂಪಿನ ಹರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆ. ಕಿಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲೇ. ಇನ್ನು ನನ್ನ ಹೆಸರಿನ ಹಂಚು: ಜೆಪ್ಪುವಿನಲ್ಲಿ ನೇತ್ರಾವತಿಯ ದಡದ ಮೇಲೆ 1865ರಲ್ಲಿ ಇವರೇ ಮೊದಲ ಹಂಚಿನ ಕಾರ್ಖಾನೆ ಹಾಕಿದ್ದು. ನಿಮ್ಮ ಶಿವಮೊಗ್ಗದ ಹಳೆಯ ಮನೆಗಳ ಮೇಲಿರುವ ಹಂಚಿನ ಬೆನ್ನು ತಿರುಗಿಸಿ ನೋಡಿ, ಊರಿನ ಹೆಸರು ಒತ್ತಿರುತ್ತದೆ.

ಎಕ್ಸ್‌ಪ್ರೆಸ್ ಹಿಂದಿನ ಸೀಟು
ಎಲ್ಲರೂ ಇಸವಿ ಹೇಳುತ್ತಿದ್ದೀರಿ, ದಾರಿ ಯಾರೂ ನೋಡಲಿಲ್ಲ. ಶಿವಮೊಗ್ಗದವರು ಮಂಗಳೂರಿಗೆ ಬಂದು ಮತ್ತೆ ಉಡುಪಿ ಕಡೆ ತಿರುಗುವುದು ಯಾಕೆ? ಆಗುಂಬೆ ಘಾಟಿ ಇಳಿದರೆ ಸೋಮೇಶ್ವರ, ಹೆಬ್ರಿ, ಆಮೇಲೆ ಉಡುಪಿಯೇ ಮೊದಲು. ಮಳೆಗಾಲದಲ್ಲಿ ಆಗುಂಬೆ ಬೇಡವೆಂದು ಹುಲಿಕಲ್ ಘಾಟಿಯಲ್ಲಿ ಇಳಿದರೆ ಕುಂದಾಪುರ ಸಿಗುತ್ತದೆ, ಅಲ್ಲಿಂದ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಬರುವಾಗ ಬ್ರಹ್ಮಾವರ, ಕಲ್ಯಾಣಪುರದ ಪಕ್ಕದ ಸಂತೆಕಟ್ಟೆ ಎರಡೂ ದಾರಿಯಲ್ಲೇ. ಹೇಗೆ ಬಂದರೂ ಕಲ್ಯಾಣಪುರ ಮೊದಲು, ಮಂಗಳೂರು ಕೊನೆಗೆ.

ಆದ್ದರಿಂದ ಬೆಳಿಗ್ಗೆ ಉಡುಪಿಯಲ್ಲಿ ಇಳಿಯಿರಿ. ಮುಖ ತೊಳೆದು, ತಿಂಡಿ ಮುಗಿಸಿ, ಸಂತೆಕಟ್ಟೆ ಕಡೆಯ ಬಸ್ ಹಿಡಿಯಿರಿ. ಆರೇಳು ಕಿಲೋಮೀಟರ್, ಅಷ್ಟೇ. ಕಲ್ಯಾಣಪುರ ನೋಡಿ ವಾಪಸು ಬಂದು ಮಂಗಳೂರಿನ ಎಕ್ಸ್‌ಪ್ರೆಸ್ ಹತ್ತಿದರೆ ಅರವತ್ತು ಕಿಲೋಮೀಟರಿನ ಆಸುಪಾಸು. ಬಸ್ಸುಗಳು ಒಂದರ ಬಾಲ ಇನ್ನೊಂದು ಹಿಡಿದುಕೊಂಡೇ ಹೊರಡುತ್ತವೆ. ಮಧ್ಯಾಹ್ನದ ಊಟಕ್ಕೆ ಮಂಗಳೂರು. ಚಾಪೆಲ್ ಹೇಗೂ ಊಟದ ಹೊತ್ತಿಗೆ ಬಾಗಿಲು ಹಾಕುತ್ತದೆ, ಅದು ತೆರೆಯುವಾಗ ನೀವು ಬಾಗಿಲಲ್ಲಿರಬೇಕು. ಸಂಜೆ ರೊಸಾರಿಯೊ. ರಾತ್ರಿ ಬಸ್ಸು ಹೇಗೂ ಮಂಗಳೂರಿನಿಂದಲೇ. ಎಲ್ಲಿಯೂ ಹಿಂದೆ ತಿರುಗಬೇಕಾಗಿಲ್ಲ.

ಸಂತೆಕಟ್ಟೆ ಸವಾರ
ಕೊನೆಗೂ ಬುದ್ಧಿವಂತರೊಬ್ಬರು ಬಂದರು.

ಕಾರ್ಕಳದ ಕಲ್ಲು
ಹೆಬ್ರಿಯಿಂದ ಕಾರ್ಕಳದ ಮೇಲೂ ಮಂಗಳೂರಿಗೆ ಹೋಗಬಹುದು ಎಂಬುದನ್ನು ಮರೆತಿರಿ. ಅತ್ತೂರು ಸಂತ ಲಾರೆನ್ಸರ ಬಸಿಲಿಕವನ್ನು ಬಿಟ್ಟು ಎಂಥ ಇಗರ್ಜಿ ಯಾತ್ರೆ? 1759ರಿಂದ ಇರುವ ಚರ್ಚು, 2016ರಲ್ಲಿ ಪೋಪ್ ಕೊಡುವ ಕಿರಿಯ ಬಸಿಲಿಕದ ಗೌರವ ಸಿಕ್ಕಿತು. ಅಲ್ಲಿಯ ಕೊಳ ನೋಡಿ, ಮೊಂಬತ್ತಿ ಹಚ್ಚಿ. ಜನವರಿಯ ಸಾಂತ್‌ಮಾರಿ ಜಾತ್ರೆಗೆ ಬಂದರೆ ಕ್ರೈಸ್ತರಿಗಿಂತ ಬೇರೆಯವರೇ ಹೆಚ್ಚು ಕಾಣಿಸುತ್ತಾರೆ. ನಮ್ಮ ಅಜ್ಜಿ ಪ್ರತಿ ವರ್ಷ ಹರಕೆಯ ಮೊಂಬತ್ತಿ ತಪ್ಪಿಸುತ್ತಿರಲಿಲ್ಲ, ಬರುವಾಗ ಮಂಡಕ್ಕಿ ತರುತ್ತಿದ್ದರು. ಜೊತೆಗೆ 1432ರ ಗೊಮ್ಮಟ, 42 ಅಡಿ.

ಎಕ್ಸ್‌ಪ್ರೆಸ್ ಹಿಂದಿನ ಸೀಟು
ಗೊಮ್ಮಟನಿಗೆ ಬಂಡೆ ಹತ್ತಬೇಕು. ಅತ್ತೆಯವರ ಮಂಡಿಯ ಬಗ್ಗೆ ಓದಿದಿರಾ?

ಕಾರ್ಕಳದ ಕಲ್ಲು
ಅತ್ತೂರಿಗೆ ಬಂಡೆ ಹತ್ತಬೇಕಾಗಿಲ್ಲ. ಗೊಮ್ಮಟ ಬೇಕಾದವರಿಗೆ ಎಂದು ಹೇಳಿದೆ.

ಚಿತ್ರಕಲಾ ಮೇಷ್ಟ್ರು
ಮಗಳಿಗಾಗಿ ಬರುತ್ತಿದ್ದೀರಿ ಎಂದಾದರೆ ಚಾಪೆಲ್ಲಿಗೆ ಅರ್ಧ ಗಂಟೆ ಕೊಡುವ ಕಾರ್ಯಕ್ರಮ ಹಾಕಬೇಡಿ. ಎರಡು ಗಂಟೆ ಕೊಡಿ. ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ. ಅದು ಒಳ್ಳೆಯದೇ, ಕಣ್ಣಿಗೆ ಕೆಲಸ ಬೀಳುತ್ತದೆ.

ಚಿತ್ರ ಬರೆದವರು ಆಂಟೋನಿಯೊ ಮೊಸ್ಕೇನಿ, ಇಟಲಿಯ ಬೆರ್ಗಾಮೊ ಹತ್ತಿರದ ಊರಿನವರು, 1854ರಲ್ಲಿ ಹುಟ್ಟಿದವರು. ಚಿತ್ರಕಾರರಾಗಿ ಪಳಗಿದ ಮೇಲೆ ಜೆಸ್ವಿಟ್ ಎಂಬ ಕಥೋಲಿಕ ಸನ್ಯಾಸಿಗಳ ಸಭೆ ಸೇರಿದರು. 19ನೆಯ ಶತಮಾನ ಮುಗಿದು 20ನೆಯದು ಶುರುವಾಗುವ ಆ ಎರಡು ಮೂರು ವರ್ಷಗಳಲ್ಲಿ ಇಷ್ಟೂ ಗೋಡೆ, ಕಮಾನು, ಮಾಡು ತುಂಬಿಸಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಮಗಳು ಗಮನಿಸಬೇಕಾದದ್ದು: ಗೋಡೆಯ ಮೇಲಿನವು ಫ್ರೆಸ್ಕೊ, ಮಾಡಿನವು ಕ್ಯಾನ್ವಾಸಿನ ಮೇಲಿನ ತೈಲಚಿತ್ರ. ಫ್ರೆಸ್ಕೊ ಬರೆಯುವವನು ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಿ ಮುಗಿಸಬೇಕು. ಗಾರೆ ಆರುತ್ತ ಗಾಳಿಯ ಇಂಗಾಲಾಮ್ಲವನ್ನು ಹೀರಿ ಕಲ್ಲಾಗುತ್ತದೆ, ಬಣ್ಣ ಅದರೊಳಗೇ ಸೇರಿಹೋಗುತ್ತದೆ. ಅಳಿಸಿ ತಿದ್ದುವ ಮಾತಿಲ್ಲ, ಕೆಡವಿ ಹೊಸ ಗಾರೆ ಹಾಕಬೇಕು ಅಷ್ಟೇ. ಆದ್ದರಿಂದ ಆ ದಿನ ಎಷ್ಟು ಬರೆಯಲು ಸಾಧ್ಯವೋ ಅಷ್ಟಕ್ಕೇ ಗಾರೆ ಮೆತ್ತುತ್ತಾರೆ. ಹತ್ತಿರ ನಿಂತು ಓರೆಯಾಗಿ ನೋಡಿದರೆ ಒಂದು ದಿನದ ಕೆಲಸ ಇನ್ನೊಂದಕ್ಕೆ ಸೇರುವ ಅಂಚು ಇಂಥ ಚಿತ್ರಗಳಲ್ಲಿ ಕೆಲವು ಕಡೆ ಕಾಣಬಹುದು. ಹುಡುಕಲು ಹೇಳಿ.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ, ಉಪ್ಪುಗಾಳಿಯ ಊರಿನಲ್ಲಿ ಇದು ಉಳಿದಿದೆ ಎಂಬುದೇ ಒಂದು ಸಾಹಸ. 1990ರ ದಶಕದ ಮೊದಲ ವರ್ಷಗಳಲ್ಲಿ ಪಾರಂಪರಿಕ ಕಟ್ಟಡ, ಕಲೆಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯವರು ಜೀರ್ಣೋದ್ಧಾರ ಮಾಡಿದರು.

ಗಡ್‌ಬಡ್
ಭಾರತದ ಸಿಸ್ಟೈನ್ ಚಾಪೆಲ್!

ಚಿತ್ರಕಲಾ ಮೇಷ್ಟ್ರು
ಯಾರಾದರೂ ಇದನ್ನು ಹೇಳಿಯೇ ಹೇಳುತ್ತೀರಿ ಎಂದು ಗೊತ್ತಿತ್ತು. ರೋಮಿನದು ರೋಮಿನಲ್ಲಿರಲಿ. ಮೊಸ್ಕೇನಿಯನ್ನು ಮೊಸ್ಕೇನಿಯಾಗಿ ನೋಡಲು ಏನು ಕಷ್ಟ?

ಬೆಂದೂರು ಬಾಯಿ
ಮೇಷ್ಟ್ರೇ, ಮಾಡಿನ ಮೇಲೆ ಏನಿದೆ ಎಂಬುದನ್ನೂ ಹೇಳಿ. ಕತ್ತು ನೋಯಿಸಿಕೊಂಡು ನೋಡಿದವರಿಗೆ ಕತೆ ತಿಳಿದಿರಬೇಕು. ಅದು ಸಂತ ಅಲೋಶಿಯಸ್ ಗೊನ್ಝಾಗರ ಜೀವನ. ಇಟಲಿಯ ದೊಡ್ಡ ಮನೆತನದ ಹಿರಿಯ ಮಗ, ಆಸ್ತಿ ಅಧಿಕಾರ ಎಲ್ಲ ತಮ್ಮನಿಗೆ ಬಿಟ್ಟು ಜೆಸ್ವಿಟ್ ಸಭೆ ಸೇರಿದವರು. ರೋಮಿನಲ್ಲಿ ಸಾಂಕ್ರಾಮಿಕ ರೋಗ ಬಂದಾಗ ರೋಗಿಗಳ ಚಾಕರಿ ಮಾಡುತ್ತ ಅದೇ ರೋಗ ತಗುಲಿ 1591ರಲ್ಲಿ ತೀರಿಕೊಂಡರು, ವಯಸ್ಸು 23. ಬೋಳಾರದ ಅಣ್ಣನಿಗೆ ಸಂತೋಷದ ಸುದ್ದಿ: ಅವರು ಹುಟ್ಟಿದ್ದು 1568ರಲ್ಲಿ, ನಿಮ್ಮ ರೊಸಾರಿಯೊ ಹುಟ್ಟಿದ ವರ್ಷ.

ಬೋಳಾರದವ
ಬಾಯಿ, ಇದು ನನಗೆ ತಿಳಿದಿರಲಿಲ್ಲ. ಇನ್ನು ಮುಂದೆ ಎಲ್ಲ ಕಡೆ ಹೇಳುತ್ತೇನೆ.

ಕೋಟೆಬಾಗಿಲು
ಇಸವಿಗಳ ನಡುವೆ ಒಂದು ಇಸವಿಯನ್ನು ಎಲ್ಲರೂ ಜಾರಿಸುತ್ತಿದ್ದೀರಿ. 1784. ರೊಸಾರಿಯೊ, ಹಂಪನಕಟ್ಟೆಯ ಮಿಲಾಗ್ರಿಸ್ ಎರಡನ್ನೂ ಟಿಪ್ಪುವಿನ ಕಾಲದಲ್ಲಿ ಕೆಡವಿದ್ದು ಯಾಕೆ ಹೇಳುವುದಿಲ್ಲ?

ಹಳೆಹಂಚು
ಜಾರಿಸುವುದೇನಿಲ್ಲ, ಇಗರ್ಜಿಗಳ ಚರಿತ್ರೆಯಲ್ಲೇ ಬರೆದಿದೆ. 1784ರ ಫೆಬ್ರುವರಿಯಲ್ಲಿ ಇಲ್ಲಿನ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಬದುಕಿದ್ದವರು ಮರಳಿದರು. ರೊಸಾರಿಯೊವನ್ನು 1813ರಲ್ಲಿ ಮತ್ತೆ ಕಟ್ಟಿದರು. ಪ್ರವಾಸಿಗೆ ಇದರಿಂದ ತಿಳಿಯಬೇಕಾದದ್ದು ಏನೆಂದರೆ, ಬಾಗಿಲಲ್ಲಿ ಬರೆದ ಇಸವಿ ಇಗರ್ಜಿಯದು, ಗೋಡೆಯದಲ್ಲ.

ಕೋಟೆಬಾಗಿಲು
ಹಾಗಾದರೆ ಈಗಿನ ಸರಕಾರಗಳು ಯಾಕೆ...

ನಿರ್ವಾಹಕ
ಇಲ್ಲಿಗೆ ಸಾಕು. ಈ ಎಳೆಯ ಮುಂದಿನ ನಾಲ್ಕು ಉತ್ತರಗಳನ್ನು ತೆಗೆದಿದ್ದೇನೆ. ಟಿಪ್ಪು ಬಗ್ಗೆ ಬೇರೆ ಚರ್ಚೆ ಇದೆ, ಅದು ಹೇಗೂ ಎಂದೂ ಮುಗಿಯುವುದಿಲ್ಲ, ಅಲ್ಲಿಗೆ ಹೋಗಿ. ಇಲ್ಲಿ ಒಬ್ಬರು ಬಸ್ಸಿನ ದಾರಿ ಕೇಳಿದ್ದಾರೆ.

ಬ್ರಹ್ಮಾವರದ ಹುಡುಗ
ತಡವಾಗಿ ಬಂದೆ. ಕಲ್ಯಾಣಪುರದವರೆಗೆ ಬಂದವರು ಸ್ವರ್ಣಾ ಸೇತುವೆ ದಾಟಿ ಇನ್ನಷ್ಟು ಮುಂದೆ ಬಂದರೆ ಬ್ರಹ್ಮಾವರದಲ್ಲಿ ಇನ್ನೊಂದು ಕೆಥೆಡ್ರಲ್ ಇದೆ: ಸಂತ ಮೇರಿ ಸಿರಿಯನ್ ಆರ್ಥೊಡಾಕ್ಸ್ ಕೆಥೆಡ್ರಲ್. ಇಷ್ಟು ಹತ್ತಿರ ಎರಡು ಕೆಥೆಡ್ರಲ್ ಯಾಕೆ ಎಂಬುದಕ್ಕೆ ಒಂದು ಕತೆಯಿದೆ, ಅದನ್ನು ಪ್ರವಾಸಿಗಳಿಗೆ ಯಾರೂ ಹೇಳುವುದಿಲ್ಲ.

ಇಲ್ಲಿನ ಇಗರ್ಜಿಗಳು ಹಿಂದೆ ಗೋವೆಯ ಆರ್ಚ್‌ಬಿಷಪರ ಕೈಕೆಳಗಿದ್ದವು, ಪೋರ್ಚುಗಲ್ ದೊರೆಗೆ ಪೋಪ್ ಕೊಟ್ಟಿದ್ದ ‘ಪದ್ರುವಾದೊ’ (ಇಲ್ಲಿನ ಚರ್ಚುಗಳನ್ನು ನೋಡಿಕೊಳ್ಳುವ) ಹಕ್ಕಿನ ಪ್ರಕಾರ. 1886ರಲ್ಲಿ ಮಂಗಳೂರು ಬೇರೆ ಧರ್ಮಪ್ರಾಂತ್ಯವಾಯಿತು. ಗೋವೆಯ ಜೊತೆಗೇ ಇರುತ್ತೇವೆ ಎಂದು ಕಲ್ಯಾಣಪುರ ಸುತ್ತಿನ ಒಂದು ಗುಂಪು ಹಟ ಹಿಡಿಯಿತು. ಅದೇ ಕಾಲಕ್ಕೆ ಗೋವೆಯ ಪಾದ್ರಿ ಅಲ್ವಾರಿಸ್ ಎಂಬವರು ರೋಮಿನೊಂದಿಗೆ ಸಂಬಂಧ ಕಡಿದುಕೊಂಡು ಕೇರಳದ ಸಿರಿಯನ್ ಆರ್ಥೊಡಾಕ್ಸ್ ಸಭೆ ಸೇರಿದರು, 1889ರಲ್ಲಿ ಕೋಟ್ಟಯಂನಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಬಿಷಪರಾದರು. ಇಲ್ಲಿನ ಗುಂಪು ಅವರ ಹಿಂದೆ ಹೋಯಿತು. ಇಲ್ಲಿ ಅದನ್ನು ಗಟ್ಟಿಯಾಗಿ ನಿಲ್ಲಿಸಿದವರು ಪಾದ್ರಿ ನೊರೊನ್ಹಾ, 1936ರಲ್ಲಿ ತೀರಿಕೊಂಡರು. ಹೀಗೆ ಸಿರಿಯನ್ ಪರಂಪರೆಯ ಪೂಜೆ, ಭಾಷೆ ಕೊಂಕಣಿ, ಸುತ್ತ ಕುಂದಾಪುರ ಕನ್ನಡ ಮತ್ತು ತುಳು. ಇಂಥದ್ದು ಇನ್ನೆಲ್ಲಿ ಸಿಗುತ್ತದೆ?

ಬೆಂದೂರು ಬಾಯಿ
ನಮ್ಮ ಅಮ್ಮನ ತವರು ಆ ಕಡೆ. ಸಂಬಂಧ ನೋಡುವಾಗ ‘ಯಾವ ಇಗರ್ಜಿಯವರು?’ ಎಂದು ಎರಡು ಬಾರಿ ಕೇಳುತ್ತಿದ್ದರು. ಈಗ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ, ಹುಡುಗನಿಗೆ ದುಬೈಯಲ್ಲಿ ಕೆಲಸ ಇದ್ದರಾಯಿತು.

ಸಂತೆಕಟ್ಟೆ ಸವಾರ
ಹಳೆಯದು ಎಂಬ ಮಾತಿಗೆ ಬಂದರೆ ಕಲ್ಯಾಣಪುರ 1678ಕ್ಕೂ ಹಿಂದೆ ಹೋಗುತ್ತದೆ. 6ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ವ್ಯಾಪಾರಿ ಕಾಸ್ಮಾಸ್, ‘ಕಲ್ಲಿಯಾನ’ ಎಂಬ ಊರಿನಲ್ಲಿ ಪರ್ಷಿಯದಿಂದ ದೀಕ್ಷೆ ಪಡೆದ ಬಿಷಪ್ ಇದ್ದರು ಎಂದು ಬರೆದಿದ್ದಾನೆ. ಅಂದರೆ ಬೋಳಾರಕ್ಕಿಂತ ಸಾವಿರ ವರ್ಷ ಮೊದಲೇ!

ಹಳೆಹಂಚು
ಆ ಕಲ್ಲಿಯಾನ ಮುಂಬಯಿ ಹತ್ತಿರದ ಕಲ್ಯಾಣ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ ಸವಾರರೇ. ಕಾಸ್ಮಾಸ್ ಪಿನ್‌ಕೋಡ್ ಬರೆದಿಟ್ಟಿಲ್ಲ.

ಸಂತೆಕಟ್ಟೆ ಸವಾರ
ಇಲ್ಲ ಎಂದೂ ಬರೆದಿಟ್ಟಿಲ್ಲವಲ್ಲ.

ತುಂಗಾತೀರ
ಎಲ್ಲರಿಗೂ ವಂದನೆ. ಯಜಮಾನರಿಗೆ ಓದಿ ಹೇಳಿದೆ, ಬ್ರಹ್ಮಾವರದ ಕತೆಗೆ ಎದ್ದು ಕುಳಿತರು. ಎಕ್ಸ್‌ಪ್ರೆಸ್ ಅವರು ಹೇಳಿದ ದಾರಿಯೇ ಸರಿ ಎನಿಸುತ್ತಿದೆ: ಉಡುಪಿಯಲ್ಲಿ ಇಳಿದು ಕಲ್ಯಾಣಪುರ, ಆಮೇಲೆ ಮಂಗಳೂರು. ಕಾರ್ಕಳವನ್ನು ಜನವರಿಗೆ ಇಟ್ಟುಕೊಳ್ಳುತ್ತೇವೆ. ಇನ್ನೆರಡು ಪ್ರಶ್ನೆ. ಭಾನುವಾರ ಬರುವುದೋ, ವಾರದ ದಿನವೋ? ಉಡುಗೆಯ ನಿಯಮ ಏನಾದರೂ ಇದೆಯೇ?

ಬೆಂದೂರು ಬಾಯಿ
ವಾರದ ದಿನವೇ ಬನ್ನಿ. ಭಾನುವಾರ ಒಂದರ ಹಿಂದೆ ಒಂದು ಪೂಜೆ ಇರುತ್ತದೆ. ಪೂಜೆಯ ನಡುವೆ ಪೀಠದ ಮುಂದೆ ಬಂದು ಸೆಲ್ಫಿ ತೆಗೆದುಕೊಳ್ಳುವವರನ್ನು ಕಂಡರೆ ನಮಗೆ ಉರಿಯುತ್ತದೆ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವುದಾದರೆ ಯಾರೂ ಏಳಿ ಎನ್ನುವುದಿಲ್ಲ. ಸಾಧಾರಣ ಉಡುಗೆ ಸಾಕು. ಚಪ್ಪಲಿ ಕಳಚುವ ಪದ್ಧತಿ ಇಲ್ಲ, ಆದರೆ ಅಭ್ಯಾಸಬಲದಿಂದ ಹೊರಗೆ ಬಿಟ್ಟು ಬರುವವರನ್ನು ನೋಡಿ ನಾವು ನಗುವುದೂ ಇಲ್ಲ. ಗುಡ್ ಫ್ರೈಡೆ ವಾರವನ್ನು ಬಿಟ್ಟುಬಿಡಿ. ಗುಡ್ಡದ ಚಾಪೆಲ್ಲಿಗೆ ಆಟೋದವರಿಗೆ ಬಾಗಿಲಿನ ತನಕ ಬಿಡಲು ಹೇಳಿ, ಅತ್ತೆಯವರಿಗೆ ತೊಂದರೆಯಿಲ್ಲ.

ಎಕ್ಸ್‌ಪ್ರೆಸ್ ಹಿಂದಿನ ಸೀಟು
ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಅತ್ತೆಯವರನ್ನು ಹಿಂದಿನ ಚಕ್ರದ ಮೇಲೆ ಕೂರಿಸಬೇಡಿ. ಇದು ಅನುಭವದ ಮಾತು.

ನೀರುದೋಸೆ
ಊಟದ ವಿಷಯ ಯಾರೂ ಎತ್ತಲಿಲ್ಲ. ಇದು ಕರಾವಳಿಯ ವೇದಿಕೆಯೇ?

ಗಡ್‌ಬಡ್
ನಾನು ಕಾಯುತ್ತಿದ್ದೆ. ಮಾಂಸ ತಿನ್ನುವವರಾದರೆ ಸಾನ್ನ ಮತ್ತು ಕೋಳಿ ಸಾರು, ತಿನ್ನದವರಾದರೆ ಬನ್ಸ್, ಗೋಳಿಬಜೆ. ಕೊನೆಗೆ ಎಲ್ಲರಿಗೂ ಗಡ್‌ಬಡ್, ಮಂಗಳೂರಿನಲ್ಲಿ.

ಸಂತೆಕಟ್ಟೆ ಸವಾರ
ಗಡ್‌ಬಡ್ ಹುಟ್ಟಿದ್ದು ಉಡುಪಿಯಲ್ಲಿ. ಬೆಳಿಗ್ಗೆಯೇ ತಿಂದು ಹೊರಡಿ.

ಬೋಳಾರದವ
ಈಗ ಐಸ್‌ಕ್ರೀಮನ್ನೂ ಬಿಷಪರ ಹತ್ತಿರ ಒಯ್ಯೋಣವೇ?

ಹೊಸಬಳು
ಕ್ಷಮಿಸಿ, ಎಳೆ ತಪ್ಪಿಸುತ್ತಿದ್ದೇನೆ. ನಾವು ಸೆಪ್ಟೆಂಬರ್ ಎರಡನೆಯ ವಾರ ಬರಬೇಕೆಂದಿದ್ದೇವೆ. ಮಳೆ ಬಿಟ್ಟರೆ ಬೇರೆ ಏನಾದರೂ ತೊಂದರೆ?

ಬೆಂದೂರು ಬಾಯಿ
ತೊಂದರೆ ಏನು ಬಂತು, 8ನೇ ತಾರೀಕಿಗೇ ಬನ್ನಿ. ಅಂದು ಮೊಂತಿ ಹಬ್ಬ, ತೆನೆ ಹಬ್ಬ. ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ 1763ರಲ್ಲಿ ಪಾದ್ರಿ ಜೋಕಿಂ ಮಿರಾಂದ ಶುರುಮಾಡಿದ್ದು. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮರಿಯಮ್ಮನಿಗೆ ಎರಚುತ್ತಾರೆ. ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಆ ದಿನ ನಮ್ಮ ಮನೆಗಳಲ್ಲಿ ಮೀನು ಮಾಂಸ ಇಲ್ಲ, ಬರೀ ತರಕಾರಿ, ಬಗೆಗಳ ಸಂಖ್ಯೆ ಬೆಸವಾಗಿರಬೇಕು.

ನೀರುದೋಸೆ
ಬಾಯಿ, ಬೆಸ ಸಂಖ್ಯೆ ಸಾಲದೆ ಬಂದರೆ ಉಪ್ಪಿನಕಾಯಿಯನ್ನು ಲೆಕ್ಕಕ್ಕೆ ಹಿಡಿಯುತ್ತೀರಂತೆ, ನಿಜವೇ?

ಬೆಂದೂರು ಬಾಯಿ
ನಿಮಗೆ ಯಾರು ಹೇಳಿದರು?